ಹುಳು ಹಣ್ಣಾದ ರಾತ್ರಿ ಸೋಲುವ ಪರೀಕ್ಷೆ

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದ ರಾತ್ರಿ ಯಾರೂ ಮಲಗುವುದಿಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಆಡಿಸತೊಡಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಅವು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಪೋಲಾಗುತ್ತದೆ. ಅದನ್ನೆಲ್ಲ ಮುಗಿಸಿ ಕೈ ತೊಳೆದು ನಾನು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಗಂಟೆ ಎರಡಾಗಿರುತ್ತದೆ. ಗೂಡು ಖರೀದಿಯ ಲೆಕ್ಕ ಇಡುವ ತಂತ್ರಾಂಶ ಬರೆಯುವುದು ನನ್ನ ಕೆಲಸ: ಯಾವ ರೈತನ ಗೂಡು, ಎಷ್ಟು ಕಿಲೋ, ಏನು ದರ, ಯಾವ ದಿನ.

ಇಂಥ ತಂತ್ರಾಂಶದ ಜೊತೆಗೇ ನೂರಾರು ಪುಟ್ಟ ಪರೀಕ್ಷೆಗಳನ್ನೂ ಬರೆದಿಡುತ್ತೇವೆ. ಕೋಡ್‌ನಲ್ಲಿ ಒಂದಕ್ಷರ ಬದಲಿಸಿದರೂ ಅವು ತಾವಾಗಿಯೇ ಓಡಿ, ಎಲ್ಲ ಸರಿಯಿದ್ದರೆ ಹಸಿರು, ಏನಾದರೂ ಕೆಟ್ಟಿದ್ದರೆ ಕೆಂಪು ತೋರಿಸುತ್ತವೆ. ನಮ್ಮಲ್ಲಿ ಒಂದು ಪರೀಕ್ಷೆಯಿತ್ತು. ಅದು ಒಂದು ಖರೀದಿಯನ್ನು ದಾಖಲಿಸಿ, ‘ಇಂದಿನ ಖರೀದಿ ಎಷ್ಟು?’ ಎಂದು ತಂತ್ರಾಂಶವನ್ನೇ ಕೇಳುತ್ತಿತ್ತು. ಒಂದು ಎಂಬ ಉತ್ತರ ಬರಬೇಕು. ಆ ರಾತ್ರಿ ಸೊನ್ನೆ ಬಂತು. ಬೆಳಿಗ್ಗೆ ಎದ್ದು ಅದೇ ಕೋಡನ್ನು ಮತ್ತೆ ಓಡಿಸಿದೆ. ಹಸಿರು.

ಕೋಡ್ ಬದಲಾಗದೆಯೇ ಒಮ್ಮೆ ಗೆದ್ದು ಒಮ್ಮೆ ಸೋಲುವ ಇಂಥವನ್ನು ಈ ಕಸುಬಿನವರು ಫ್ಲೇಕಿ ಟೆಸ್ಟ್ ಎನ್ನುತ್ತಾರೆ. ಚಂಚಲ ಪರೀಕ್ಷೆ ಎನ್ನೋಣ. ಸದಾ ಇನ್ನೂರು ಗ್ರಾಂ ಕಡಿಮೆ ತೋರಿಸುವ ತಕ್ಕಡಿಯನ್ನಾದರೂ ಲೆಕ್ಕ ಹಿಡಿದು ಬಳಸಬಹುದು. ಯಾವಾಗಲೋ ಒಮ್ಮೆ ತಪ್ಪುವ ತಕ್ಕಡಿಯಲ್ಲಿ ಸರಿಯಾದ ತೂಕವನ್ನೂ ಯಾರೂ ನಂಬುವುದಿಲ್ಲ. ಇದು ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. ತನ್ನ ಪರೀಕ್ಷೆಗಳಲ್ಲಿ ಸುಮಾರು ಶೇ 16ರಷ್ಟರಲ್ಲಿ ಒಂದಿಷ್ಟು ಚಂಚಲತೆ ಇದೆಯೆಂದು ಗೂಗಲ್ 2016ರಲ್ಲಿ ಹೇಳಿತ್ತು. ಹಸಿರಿನಿಂದ ಕೆಂಪಿಗೆ ತಿರುಗಿದ ಪ್ರಕರಣಗಳಲ್ಲಂತೂ ಶೇ 84ರಲ್ಲಿ ಚಂಚಲ ಪರೀಕ್ಷೆಯ ಕೈವಾಡವಿತ್ತು.

ಒಂದೊಂದು ಪರೀಕ್ಷೆ ಅಪರೂಪಕ್ಕೆ ತಪ್ಪಿದರೆ ಏನಂತೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. ಪ್ರತಿಯೊಂದೂ ಸಾವಿರಕ್ಕೊಮ್ಮೆ ಮಾತ್ರ ವಿನಾಕಾರಣ ಸೋಲುತ್ತದೆ ಎಂದುಕೊಳ್ಳಿ. ಅಂಥವು ಸಾವಿರ ಇದ್ದರೆ, ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಒಂದಾದರೂ ಕೆಂಪಾಗುವ ಸಂಭವ ಸುಮಾರು ಶೇ 63. ಹೀಗೆ ಮೂರು ಬಾರಿಯಲ್ಲಿ ಎರಡು ಬಾರಿ ಕೆಂಪು ಕಂಡರೆ ಯಾವ ತಂಡದ ತಾಳ್ಮೆ ಉಳಿದೀತು? ‘ಇನ್ನೊಮ್ಮೆ ಓಡಿಸಿ, ಸರಿಹೋಗುತ್ತದೆ’ ಎಂಬ ಮಾತು ಹುಟ್ಟುವುದೇ ಆಗ. ನಮ್ಮ ತಂಡದಲ್ಲೂ ಅದೇ ಮಾತು ನಡೆಯುತ್ತಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಇನ್ನೊಮ್ಮೆ ಓಡಿಸಿದ ಕ್ಷಣವೇ ಮೊದಲ ಸೋಲಿನ ಗುರುತು ಅಳಿಸಿಹೋಗುತ್ತದೆ. ಕಾರಣ ಹುಡುಕಲು ಕೈಯಲ್ಲಿರುವುದು ಆ ಗುರುತೊಂದೇ.

ಹಾಗಾಗಿ ಒಂದು ಉದ್ದನೆಯ ಪುಸ್ತಕ ತೆಗೆದುಕೊಂಡು ಗೆರೆ ಹಾಕಿದೆ. ಯಾವ ಪರೀಕ್ಷೆ, ಯಾವ ದಿನ, ಎಷ್ಟು ಗಂಟೆಗೆ, ಯಾರ ಕಂಪ್ಯೂಟರ್, ಕೋಡ್‌ನ ಯಾವ ಆವೃತ್ತಿ, ಬಂದ ದೋಷದ ಸಾಲು. ಗೆದ್ದದ್ದನ್ನೂ ಬರೆಯಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದೇ ಆವೃತ್ತಿಯ ಎದುರು ಗೆಲುವು ಸೋಲು ಎರಡೂ ಬಿದ್ದಿದ್ದರೆ ತಾನೇ ಅದು ಚಂಚಲವೆಂದು ಗೊತ್ತಾಗುವುದು! ದೊಡ್ಡ ತಂಡಗಳಲ್ಲಿ ಇದೇ ಲೆಕ್ಕವನ್ನು ಯಂತ್ರವೇ ಇಡುತ್ತದೆ.

ಎರಡು ಬೆಳೆ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಆ ಪರೀಕ್ಷೆ ಸೋತದ್ದೆಲ್ಲ ನಮ್ಮ ಮನೆಯಲ್ಲಿ ಹುಳು ಹಣ್ಣಾದ ರಾತ್ರಿಗಳಲ್ಲಿ. ಹುಳುವಿಗೂ ಕೋಡಿಗೂ ಏನು ನಂಟು? ಗಂಟೆಯ ಕಾಲಂ ಮೇಲೆ ಬೆರಳಾಡಿಸಿದೆ: 1.50, 2.10, 3.25, 4.40. ನಡುರಾತ್ರಿ ಹನ್ನೆರಡರಿಂದ ಐದೂವರೆಯೊಳಗಿನ ಹೊತ್ತು. ಆ ಹೊತ್ತಿನಲ್ಲಿ ನಾನು ಕೆಲಸಕ್ಕೆ ಕೂರುತ್ತಿದ್ದುದು ಆ ರಾತ್ರಿಗಳಲ್ಲಿ ಮಾತ್ರ.

ಐದೂವರೆ ಗಂಟೆ ಎಂದೊಡನೆ ಮಿಕ್ಕದ್ದು ಬಿಡಿಸಿಕೊಂಡಿತು. ಭಾರತದ ಸಮಯ ವಿಶ್ವಮಾನ್ಯ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಪರೀಕ್ಷೆ ‘ಇಂದು’ ಎನ್ನುತ್ತಿದ್ದದ್ದು ನಮ್ಮ ತಾರೀಖನ್ನು. ತಂತ್ರಾಂಶ ಬರೆದುಕೊಳ್ಳುತ್ತಿದ್ದದ್ದು ವಿಶ್ವಮಾನ್ಯ ಸಮಯದ ತಾರೀಖನ್ನು. ಇಲ್ಲಿ 12ನೇ ತಾರೀಖು ಬೆಳಗಿನ ಜಾವ ಎರಡಾದರೆ ಅಲ್ಲಿ ಇನ್ನೂ 11ರ ರಾತ್ರಿ ಎಂಟೂವರೆ. ತಪ್ಪು ತಂತ್ರಾಂಶದ್ದೇ ಆಗಿತ್ತು. ದೂರದ ಊರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ, ನಾಲ್ಕು ಗಂಟೆಗೆ ಗೂಡಿನ ಚೀಲ ಇಳಿಸಿದ ರೈತನ ಹೆಸರು ಹಿಂದಿನ ದಿನದ ಲೆಕ್ಕಕ್ಕೆ ಹೋಗಿ, ಆ ದಿನದ ದರವೇ ಅವನಿಗೆ ಅಂಟುತ್ತಿತ್ತು. ನಾವು ಹಟಮಾರಿ ಎಂದು ಬೈದ ಪರೀಕ್ಷೆ ಅವನ ಪರವಾಗಿ ಕೂಗುತ್ತಿತ್ತು.

ಎಲ್ಲ ಚಂಚಲತೆಗೂ ಗಡಿಯಾರ ಕಾರಣವಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ 51 ಯೋಜನೆಗಳಲ್ಲಿ ಚಂಚಲ ಪರೀಕ್ಷೆಗಳಿಗಾಗಿ ಆಗಿದ್ದ 201 ತಿದ್ದುಪಡಿಗಳನ್ನು ಜಾಲಾಡಿದರು. ಕಾರಣ ತಿಳಿದವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದೇ ಬಗೆಯವು: ಉತ್ತರ ಬರುವ ಮೊದಲೇ ನೋಡಿಬಿಡುವುದು. ‘ಎರಡು ಸೆಕೆಂಡ್ ಕಾಯಿ’ ಎಂದು ಬರೆದಿರುತ್ತೇವೆ. ಯಂತ್ರಕ್ಕೆ ಬೇರೆ ಕೆಲಸದ ಹೊರೆ ಬಿದ್ದ ದಿನ ಮೂರು ಬೇಕಾಗುತ್ತದೆ. ಎಣಿಸಿ ಕಾಯುವ ಬದಲು ಉತ್ತರ ಬಂತೇ ಎಂದು ಕೇಳುತ್ತ ಕಾಯುವುದು ಇದಕ್ಕೆ ಮದ್ದು.

ನಮ್ಮ ತಂತ್ರಾಂಶ ಈಗ ಭಾರತದ ತಾರೀಖನ್ನೇ ಬರೆಯುತ್ತದೆ. ಪರೀಕ್ಷೆಗೆ ನಕಲಿ ಗಡಿಯಾರವೊಂದನ್ನು ಕೊಟ್ಟಿದ್ದೇವೆ. ಮಟಮಟ ಮಧ್ಯಾಹ್ನ ಓಡಿಸಿದರೂ ಅದರ ಪಾಲಿಗೆ ರಾತ್ರಿ ಎರಡು ಹತ್ತು. ಪುಸ್ತಕದಲ್ಲಿ ಇನ್ನೊಂದು ಪರೀಕ್ಷೆಯ ಎದುರು ಮೂರು ಕೆಂಪು ಗುರುತುಗಳಿವೆ. ದಿನ ಬೇರೆ, ಗಂಟೆ ಬೇರೆ, ಕಂಪ್ಯೂಟರ್ ಕೂಡ ಬೇರೆ. ಕಾರಣದ ಕಾಲಂ ಇನ್ನೂ ಖಾಲಿಯಿದೆ. ನಾಲ್ಕನೆಯ ಗುರುತಿಗೆ ಕಾಯುತ್ತಿದ್ದೇನೆ.