ಕಾಲಿನೊಳಗಿನ ಪಂಪ್‌ಸೆಟ್

ಆರನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ರ ಬೆಳಿಗ್ಗೆ ನಾನು ಧ್ವಜಕಂಬದ ಮುಂದೆ ದೊಪ್ಪನೆ ಬಿದ್ದಿದ್ದೆ. ಅತಿಥಿಗಳ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಯಾರೂ ಅಲುಗಾಡಬಾರದು ಅಂತ ಪಿ.ಟಿ. ಮೇಷ್ಟ್ರ ಕಟ್ಟಪ್ಪಣೆ ಬೇರೆ. ಮೊದಲು ಕಿವಿಯಲ್ಲಿ ಗುಂಯ್ ಅಂತು, ಆಮೇಲೆ ಕಣ್ಣು ಕತ್ತಲೆ. ಎದ್ದಾಗ ಎಲ್ಲರದೂ ಒಂದೇ ಮಾತು: "ತಿಂಡಿ ತಿಂದಿರಲ್ಲ." ನಾಲ್ಕು ಇಡ್ಲಿ ತಿಂದಿದ್ದೆ! ಅವತ್ತು ನನಗೆ ಕೈಕೊಟ್ಟಿದ್ದು ಕಾಲು ಅಂತ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಹೃದಯ ರಕ್ತವನ್ನು ತಳ್ಳುತ್ತದೆ, ಅದು ಪಾದಕ್ಕೆ ಇಳಿಯುತ್ತದೆ. ಇಳಿಯುವುದು ಸಲೀಸು. ವಾಪಸ್ ಹತ್ತುವುದು ಹೇಗೆ? ಹೃದಯದಿಂದ ಹೊರಡುವ ನಾಳ ಅಪಧಮನಿ, ಹೃದಯಕ್ಕೆ ಮರಳುವುದು ಅಭಿಧಮನಿ. ಈ ಎರಡು ಹೆಸರನ್ನು ಪರೀಕ್ಷೆಯಲ್ಲಿ ಅದಲುಬದಲು ಮಾಡದವರು ಕಡಿಮೆ. ಹಾಗಾಗಿ ಸುಮ್ನೆ ಹೋಗುವ ನಾಳ, ಬರುವ ನಾಳ ಅಂದುಕೊಳ್ಳೋಣ. ಅಂಗೈಯ ಹಿಂಬದಿಯಲ್ಲಿ ಉಬ್ಬಿ ಕಾಣುವುದನ್ನು ನಾವು 'ನರ' ಅಂತೀವಲ್ಲ, ಅದು ಬರುವ ನಾಳ.

ಹೋಗುವ ನಾಳದ ಗೋಡೆ ದಪ್ಪ, ಒಳಗಿನ ಒತ್ತಡವೂ ಜಾಸ್ತಿ. ಅದು ಕವಲೊಡೆದು ಕವಲೊಡೆದು ಕೊನೆಗೆ ಕೂದಲಿಗಿಂತ ತೆಳುವಾದ ಲೋಮನಾಳ ಆಗುತ್ತದೆ. ಅಲ್ಲಿ ರಕ್ತಕಣಗಳು ಒಂದರ ಹಿಂದೊಂದು ನುಸುಳಬೇಕು. ಅದನ್ನು ದಾಟುವಷ್ಟರಲ್ಲಿ ಹೃದಯ ಕೊಟ್ಟ ನೂಕು ಬಹುಪಾಲು ಖರ್ಚಾಗಿರುತ್ತದೆ. ಬರುವ ನಾಳದ ಗೋಡೆಯೋ ತೆಳು, ಸಡಿಲ. ಎಷ್ಟು ತುಂಬಿದರೂ ಹಿಗ್ಗುತ್ತದೆ. ನಮ್ಮ ರಕ್ತದ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಇರುವುದು ಇಂಥ ನಾಳಗಳಲ್ಲೇ.

ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತಿರುತ್ತದೆ. ಪೈಪಿನ ತುದಿಯಲ್ಲಿ ಕೂತು, ಹತ್ತಿದ ನೀರು ಮತ್ತೆ ಬಾವಿಗೆ ಇಳಿಯದಂತೆ ಅದು ತಡೆಯುತ್ತದೆ. ಅದು ಸೋರಿದರೆ ಮೋಟಾರು ಬರೀ ಗಾಳಿ ಎಳೆಯುತ್ತದೆ. ಆಮೇಲೆ ಬಿಂದಿಗೆಯಲ್ಲಿ ನೀರು ತಂದು ಪೈಪಿಗೆ ಹೊಯ್ಯಬೇಕು. ಬರುವ ನಾಳಗಳಲ್ಲೂ ಇಂಥ ವಾಲ್ವ್‌ಗಳಿವೆ. ಅದೂ ಒಂದಲ್ಲ, ದಾರಿಯುದ್ದಕ್ಕೂ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ಕೈ ಇಳಿಬಿಡಿ, ಅಂಗೈಯ ಹಿಂಬದಿಯ ನಾಳ ಉಬ್ಬಲಿ. ಕವಲಿಲ್ಲದ ಒಂದು ನೆಟ್ಟನೆಯ ನಾಳ ಹುಡುಕಿ. ಆ ನಾಳದಲ್ಲಿ ಬೆರಳುಗಳತ್ತ ಇರುವ ತುದಿಯನ್ನು ಇನ್ನೊಂದು ಕೈಯ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ರಕ್ತವನ್ನು ಸವರಿಕೊಂಡು ಹೋಗಿ, ಆ ಬೆರಳು ಎತ್ತಿ. ಮಧ್ಯೆ ವಾಲ್ವ್ ಇದ್ದರೆ ಅಲ್ಲಿವರೆಗೆ ನಾಳ ಚಪ್ಪಟೆಯಾಗೇ ಉಳಿಯುತ್ತದೆ. ಮೇಲಿನ ರಕ್ತ ಕೆಳಗೆ ಬರಲ್ಲ. ಈಗ ಮೊದಲ ಬೆರಳು ತೆಗೆಯಿರಿ. ಚಕ್ಕನೆ ತುಂಬಿಕೊಂಡಿತು, ಅಲ್ವಾ? ಒಂದೇ ಸಲಕ್ಕೆ ಸಿಗದಿದ್ದರೆ ಬೇರೆ ನಾಳ ಹಿಡಿಯಿರಿ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಇದನ್ನೇ ಚಿತ್ರ ಸಮೇತ ತೋರಿಸಿದ. ತಮಾಷೆ ಅಂದರೆ, ಇಟಲಿಯ ಪಾದುವಾದಲ್ಲಿ ಅವನಿಗೆ ಪಾಠ ಹೇಳಿದ ಫ್ಯಾಬ್ರಿಷಿಯಸ್ ಈ ವಾಲ್ವ್‌ಗಳನ್ನು ಆಗಲೇ ಕಂಡು ಬರೆದಿದ್ದ. ಕೈಕಾಲಿಗೆ ರಕ್ತ ಒಮ್ಮೆಲೇ ನುಗ್ಗದಂತೆ ತಡೆಯೋಕೆ ಇರಬೇಕು ಅಂದುಕೊಂಡ ಅವನು. ಬಾಗಿಲು ಕಂಡಿತು, ಅದು ಯಾವ ಕಡೆಗೆ ತೆರೆಯುತ್ತದೆ ಅನ್ನುವುದರ ಅರ್ಥ ಹೊಳೆಯಲಿಲ್ಲ.

ವಾಲ್ವ್ ಇದ್ದರೆ ಸಾಲದು, ಮೋಟಾರು ಬೇಕು. ಅದೇ ಮೀನಖಂಡ. ಹೆಜ್ಜೆ ಇಟ್ಟಾಗ ಆ ಸ್ನಾಯು ಬಿಗಿದು ಒಳಗಿನ ನಾಳವನ್ನು ಹಿಂಡುತ್ತದೆ. ಕೆಳಗಿನ ದಾರಿ ಮುಚ್ಚಿರುವುದರಿಂದ ರಕ್ತ ಮೇಲಕ್ಕೇ ಹೋಗಬೇಕು. ಸುಮ್ಮನೆ ನಿಂತವರ ಪಾದದ ನಾಳದಲ್ಲಿ ಒತ್ತಡ, ಬಿ.ಪಿ. ಅಳೆಯುವ ಲೆಕ್ಕದಲ್ಲೇ, ಸುಮಾರು 90 ಮಿಲಿಮೀಟರ್ ಪಾದರಸದಷ್ಟು. ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ವಾಲ್ವ್ ಸಡಿಲವಾದವರಿಗೆ ಹೀಗೆ ಇಳಿಯಲ್ಲ. ಅವರ ಕಾಲಿನ ನಾಳಗಳು ಹಿಗ್ಗಿ ಗಂಟುಗಂಟಾಗುತ್ತವೆ, ಅದೇ ವೆರಿಕೋಸ್ ವೇನ್ಸ್.

ನಾವು ಎದ್ದು ನಿಂತಾಗಲೇ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಬಿಸಿಲಿದ್ದರೆ ನಾಳಗಳು ಇನ್ನಷ್ಟು ಸಡಿಲ. ಮೀನಖಂಡ ಕೆಲಸ ಮಾಡದಿದ್ದರೆ ಹೃದಯಕ್ಕೆ ಬರುವ ರಕ್ತ ಕಮ್ಮಿ, ಮಿದುಳಿಗೆ ಹೋಗುವುದು ಇನ್ನೂ ಕಮ್ಮಿ. ಆಗ ದೇಹ ಕುಸಿಯುತ್ತದೆ. ಮಲಗಿದೊಡನೆ ತಲೆ, ಹೃದಯ ಒಂದೇ ಮಟ್ಟಕ್ಕೆ ಬಂದು ಎಚ್ಚರವಾಗುತ್ತದೆ. ಬಿದ್ದವರನ್ನು ಎತ್ತಿ ಕೂರಿಸಲು ಹೋಗಬೇಡಿ. ಹಾಗೇ ಮಲಗಿಸಿ, ಕಾಲು ಮೇಲೆತ್ತಿ ಹಿಡಿಯಿರಿ.

ಈಗಲೂ ಭಾಷಣ ಉದ್ದವಾದರೆ ನಾನು ಮೀನಖಂಡ ಬಿಗಿದು ಸಡಿಲಿಸುತ್ತಾ, ಷೂ ಒಳಗೆ ಬೆರಳಾಡಿಸುತ್ತಾ ನಿಲ್ಲುತ್ತೇನೆ. ಹೊರಗಿನಿಂದ ನೋಡಿದರೆ ಯಾವ ಮೇಷ್ಟ್ರಿಗೂ ಗೊತ್ತಾಗಲ್ಲ.