ಗಲೀಷಿಯಾದ ಕೆಲ್ಟಿಕ್ ಪರಂಪರೆ: ಸಾಕ್ಷ್ಯಗಳು ಮತ್ತು ವಾದಗಳು

ಇಲ್ಲಿ ಗಲೀಷಿಯಾ ಎಂದರೆ ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್ಲಿನ ಉತ್ತರಕ್ಕೆ, ಅಟ್ಲಾಂಟಿಕ್ ಕಡಲಿಗೆ ಮುಖಮಾಡಿರುವ ಸ್ವಾಯತ್ತ ಪ್ರಾಂತ. ಪೋಲೆಂಡ್ ಮತ್ತು ಉಕ್ರೇನುಗಳ ನಡುವೆ ಹಂಚಿಹೋಗಿರುವ ಇದೇ ಹೆಸರಿನ ಪ್ರದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿನ ಗಲೀಷಿಯನ್ ಭಾಷೆ ಲ್ಯಾಟಿನ್ನಿನಿಂದ ಹುಟ್ಟಿದ್ದು, ಪೋರ್ಚುಗೀಸಿಗೆ ತೀರ ಹತ್ತಿರದ್ದು. ಹೀಗಿದ್ದರೂ ಇವರ ಪ್ರಾಂತಗೀತೆಯು ನಾಡನ್ನು ‘ಬ್ರಿಯೊಗಾನನ ಮನೆ’, ಅಂದರೆ ಐರಿಷ್ ಪುರಾಣದ ಕುಲಪುರುಷನೊಬ್ಬನ ಮನೆ, ಎಂದು ಕರೆಯುತ್ತದೆ. ವಿಗೊ ನಗರದ ಫುಟ್‌ಬಾಲ್ ಕ್ಲಬ್ಬು 1923ರಿಂದ ‘ಸೆಲ್ತಾ’, ಅಂದರೆ ಕೆಲ್ಟ್, ಎಂಬ ಹೆಸರಿನಲ್ಲೇ ಆಡುತ್ತಿದೆ. ಕೆಲ್ಟರೆಂದರೆ ಇಂದಿನ ಐರಿಷ್, ವೆಲ್ಷ್ ಭಾಷೆಗಳ ಬಳಗಕ್ಕೆ ಸೇರಿದ ನುಡಿಗಳನ್ನಾಡುತ್ತಿದ್ದ ಯೂರೋಪಿನ ಪ್ರಾಚೀನ ಜನ. ಗಲೀಷಿಯನ್ನರು ಅವರ ವಾರಸುದಾರರೇ ಎಂಬ ಈ ವಿಷಯವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಪ್ರಾಚೀನರು ಇಲ್ಲಿನ ಯಾರನ್ನು ಕೆಲ್ಟರೆಂದು ಕರೆದರು, ಇಲ್ಲಿ ಆಗ ಯಾವ ಭಾಷೆ ಇತ್ತು, ಮತ್ತು ಇಂದಿನ ಗಲೀಷಿಯನ್ನರು ತಮ್ಮನ್ನು ಕೆಲ್ಟರೆಂದುಕೊಳ್ಳಲು ಆರಂಭಿಸಿದ್ದು ಯಾವಾಗ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸುವುದರಿಂದಲೇ ಈ ಚರ್ಚೆಯ ಬಹುಪಾಲು ಗೊಂದಲ ಹುಟ್ಟಿದೆ.

ಕ್ರಿ.ಪೂ. 137ರ ಸುಮಾರಿಗೆ ರೋಮನ್ ಸೇನಾನಿ ದೆಕಿಮುಸ್ ಯೂನಿಯುಸ್ ಬ್ರೂಟುಸ್ ಈ ಪ್ರದೇಶದ ಮೇಲೆ ದಂಡೆತ್ತಿ ಬಂದು, ಇಲ್ಲಿನ ಜನರ ಹೆಸರಿನಿಂದಲೇ ‘ಕಲ್ಲೈಕುಸ್’ ಎಂಬ ಬಿರುದನ್ನು ಪಡೆದನು. ಆ ಜನ ಗುಡ್ಡಗಳ ಮೇಲೆ, ಕೋಟೆಗೋಡೆಯೊಳಗೆ, ಹೆಚ್ಚಾಗಿ ದುಂಡಗಿನ ಕಲ್ಲುಮನೆಗಳನ್ನು ಕಟ್ಟಿಕೊಂಡು ಬಾಳುತ್ತಿದ್ದರು. ಈ ನೆಲೆಗಳಿಗೆ ‘ಕಾಸ್ತ್ರೊ’ ಎಂದು ಹೆಸರು. ಮಿನ್ಯೊ ನದಿ ಕಡಲು ಸೇರುವಲ್ಲಿರುವ ಸಾಂತಾ ತ್ರೇಗಾ ಅವುಗಳಲ್ಲಿ ಪ್ರಸಿದ್ಧವಾದುದು. ದುಂಡು ಮನೆಗಳನ್ನು ಕಂಡ ಕೂಡಲೇ ಕೆಲ್ಟರ ಊರೆಂದು ತೀರ್ಮಾನಿಸುವ ರೂಢಿ ಪ್ರವಾಸಿ ಕೈಪಿಡಿಗಳಲ್ಲಿದೆ. ಆದರೆ ಮನೆಯ ಆಕಾರದಿಂದ ಅದರೊಳಗೆ ಆಡುತ್ತಿದ್ದ ಭಾಷೆ ತಿಳಿಯುವುದಿಲ್ಲ; ಮೇಲಾಗಿ, ಮಧ್ಯ ಯೂರೋಪಿನ ಕೆಲ್ಟರ ಗುರುತೆಂದು ಪುರಾತತ್ತ್ವಜ್ಞರು ಹಿಂದೆ ಒಪ್ಪಿಕೊಂಡಿದ್ದ ಲಾ ತೆನ್ ಶೈಲಿಯ ವಸ್ತುಗಳು ಕಾಸ್ತ್ರೊಗಳಲ್ಲಿ ವಿರಳ.

ಲಿಖಿತ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕರಾದ ಪೊಂಪೋನಿಯುಸ್ ಮೇಲಾ ಮತ್ತು ಪ್ಲಿನಿ ಈ ಕರಾವಳಿಯಲ್ಲಿ ‘ಕೆಲ್ಟಿಕಿ’ ಎಂಬ ಜನರಿದ್ದರೆಂದು ಬರೆದಿದ್ದಾರೆ. ನೇರಿಯುಮ್ ಭೂಶಿರದ ಬಳಿಯ ಕೆಲ್ಟಿಕಿಗಳು ದಕ್ಷಿಣದ ಅನಾಸ್, ಅಂದರೆ ಇಂದಿನ ಗ್ವಾದಿಯಾನಾ, ನದಿಯ ದಡದವರ ನೆಂಟರು, ದಂಡಯಾತ್ರೆಗೆ ಬಂದು ನಾಯಕನನ್ನು ಕಳೆದುಕೊಂಡು ಇಲ್ಲೇ ಉಳಿದವರು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. ಗಲೀಷಿಯಾದೊಳಗಿನ ಲುಗೊ ಪ್ರಾಂತದ ಕ್ರೆಸೆಂತೆಯಲ್ಲಿ ಸಿಕ್ಕ ರೋಮನ್ ಕಾಲದ ಗೋರಿಗಲ್ಲೊಂದು ಇದಕ್ಕೆ ಪೂರಕವಾಗಿ ನಿಲ್ಲುತ್ತದೆ. ಅಂಬೊಲ್ಲುಸನ ಮಗಳಾದ ಅಪಾನಾ ಎಂಬ ಇಪ್ಪತ್ತೈದರ ಹೆಣ್ಣಿನ ಹೆಸರನ್ನು, ಆಕೆಯ ಹುಟ್ಟುನೆಲೆಯನ್ನು, ಕಲ್ಲು ನಿಲ್ಲಿಸಿದ ಸೋದರ ಅಪಾನುಸನ ಹೆಸರನ್ನು ಹೇಳುವ ಈ ಲ್ಯಾಟಿನ್ ಶಾಸನ ಆಕೆಯನ್ನು ‘ಕೆಲ್ಟಿಕಾ ಸುಪರ್ತಮಾರಿಕಾ’, ಅಂದರೆ ತಾಂಬ್ರೆ ನದಿಯ ಆಚೆಯ ಕೆಲ್ಟಿಕಿ ಕುಲದವಳು, ಎಂದು ಗುರುತಿಸುತ್ತದೆ. ಹೊರಗಿನ ಬರಹಗಾರರು ಅಂಟಿಸಿದ ಹೆಸರಷ್ಟೇ ಆಗಿದ್ದರೆ ಮನೆಯವರು ಗೋರಿಯ ಮೇಲೆ ಕೆತ್ತಿಸುತ್ತಿರಲಿಲ್ಲ. ಸ್ವಾರಸ್ಯವೆಂದರೆ ಇದು ಕೆಲ್ಟರ ನಾಡೆನ್ನುವವರೂ ಅಲ್ಲವೆನ್ನುವವರೂ ಇಂತಹ ಕಲ್ಲುಗಳನ್ನೇ ಮುಂದಿಡಬಹುದು: ಕೆಲ್ಟರು ಇದ್ದರೆಂಬುದಕ್ಕೆ ಇದು ಪ್ರಮಾಣ, ಕೆಲವರನ್ನು ಮಾತ್ರ ಹೀಗೆ ವಿಂಗಡಿಸಿ ಹೇಳಬೇಕಾಗಿತ್ತೆಂದರೆ ಉಳಿದ ಕುಲಗಳವರು ಆ ಹೆಸರನ್ನು ಹೊತ್ತಿರಲಿಲ್ಲವೆಂಬುದಕ್ಕೂ ಇದೇ ಪ್ರಮಾಣ. ನನಗೆ ಎರಡನೆಯ ಅರ್ಥವೂ ಮೊದಲನೆಯದರಷ್ಟೇ ಸಮಂಜಸವೆನಿಸುತ್ತದೆ.

ಭಾಷೆಯ ವಿಷಯದಲ್ಲಿ ನೇಮೆಟೊಬ್ರಿಗಾದಂತಹ ‘ಬ್ರಿಗಾ’ ಅಂತ್ಯದ ಊರಹೆಸರುಗಳು ಕೆಲ್ಟಿಕ್ ಮೂಲದವೆಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಲುಗೊ ಪ್ರಾಂತದ ಶಾಸನಗಳಲ್ಲಿ ಕೆಲ್ಟರ ಲುಗುಸ್ ದೇವತೆಗೆ ಸಲ್ಲಿಸಿದ ಹರಕೆಗಳೂ ಇವೆ. ಆದರೆ ಲುಗೊ ಎಂಬ ಊರಹೆಸರು ಆ ದೇವತೆಯಿಂದ ಬಂತೇ, ಪವಿತ್ರ ವನವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂತೇ ಎಂಬ ವಾದ ಮುಗಿದಿಲ್ಲ. ರೇವೆ, ಬಂದುವಾ ಮುಂತಾದ ದೇವತೆಗಳು ದಕ್ಷಿಣದ ಲುಸಿಟಾನಿಯಾ ಪ್ರದೇಶದಲ್ಲೂ ಪೂಜೆಗೊಳ್ಳುತ್ತಿದ್ದರು. ಅಲ್ಲಿನ ಲುಸಿಟಾನಿಯನ್ ಭಾಷೆಯಾದರೋ ಕೆಲ್ಟಿಕ್ ಭಾಷೆಗಳು ಕಳೆದುಕೊಂಡ ಪದಾದಿಯ ಪಕಾರವನ್ನು ಉಳಿಸಿಕೊಂಡಿದ್ದು, ಹೆಚ್ಚಿನ ಭಾಷಾಶಾಸ್ತ್ರಜ್ಞರು ಅದನ್ನು ಕೆಲ್ಟಿಕ್ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಪ್ರಾಚೀನ ಗಲೀಷಿಯಾದಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳು ಬೆರೆತಿದ್ದವೆಂದು ಹೇಳುವುದೇ ಸುರಕ್ಷಿತ.

ಇನ್ನು ಬ್ರಿಯೊಗಾನ. ಹನ್ನೊಂದನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಸಂಕಲಿತವಾದ ‘ಲೆವರ್ ಗವಾಲಾ’ ಎಂಬ ಪುರಾಣ-ಇತಿಹಾಸದ ಪ್ರಕಾರ ಸ್ಪೇನಿನ ಬ್ರಿಗಾಂತಿಯಾದಲ್ಲಿ ಬ್ರಿಯೊಗಾನ ಒಂದು ಗೋಪುರ ಕಟ್ಟಿದನು. ಚಳಿಗಾಲದ ಒಂದು ಸಂಜೆ ಅವನ ಮಗ ಈಥ್ ಅದರ ಮೇಲಿಂದ ಐರ್ಲೆಂಡನ್ನು ಕಂಡನು. ಆಮೇಲೆ ಆ ವಂಶದವರು ಹೋಗಿ ದ್ವೀಪವನ್ನು ಗೆದ್ದರು. ಆ ಗೋಪುರವನ್ನು ಗಲೀಷಿಯಾದ ಕೊರುನ್ಯಾ ನಗರದ ‘ಹರ್ಕ್ಯುಲಿಸ್ ಗೋಪುರ’ವೆಂದು ಜನ ಗುರುತಿಸುತ್ತಾರೆ. ಅದು ರೋಮನ್ನರು ಕಟ್ಟಿದ ದೀಪಸ್ತಂಭ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ನೂರಾರು ಕಿಲೋಮೀಟರ್ ಆಚೆಯ ದ್ವೀಪ ಅಲ್ಲಿಂದ ಕಾಣುವುದು ಅಸಾಧ್ಯ. ಕಥೆಯ ಬೇರು ಬೇರೆಡೆ ಇದೆ. ಐದನೆಯ ಶತಮಾನದ ಇತಿಹಾಸಕಾರ ಓರೋಸಿಯುಸ್ ಬ್ರಿಗಾಂತಿಯಾದ ಎತ್ತರದ ದೀಪಸ್ತಂಭವನ್ನು ವರ್ಣಿಸಿ, ಐರ್ಲೆಂಡಿನ ಭೂಶಿರ ಅದರ ದಿಕ್ಕಿಗೆ ಮುಖಮಾಡಿದೆಯೆಂದಿದ್ದನು. ಆ ಬಳಿಕ ಸೆವಿಲ್ಲದ ಬಿಷಪ್ ಇಸಿಡೋರ್ ಐರ್ಲೆಂಡಿನ ಲ್ಯಾಟಿನ್ ಹೆಸರಾದ ಹೈಬರ್ನಿಯಾವನ್ನು ಐಬೀರಿಯಾದೊಂದಿಗೆ ಜೋಡಿಸಿದನು. ಐರಿಷ್ ಮಠಗಳ ಪಂಡಿತರು ಈ ಲ್ಯಾಟಿನ್ ಗ್ರಂಥಗಳನ್ನು ಓದಿ ತಮ್ಮ ಪೂರ್ವಜರ ದಾರಿಯನ್ನು ಹೆಣೆದರೆಂಬ ವಿವರಣೆಯೇ ಇಂದು ಹೆಚ್ಚು ಮಾನ್ಯ. ಅಂದರೆ ಇದು ಗಲೀಷಿಯಾದ ಜನಪದ ನೆನಪಲ್ಲ, ಗ್ರಂಥದಿಂದ ಗ್ರಂಥಕ್ಕೆ ಸಾಗಿದ ಭೂಗೋಳ.

ಬ್ರಿಟನ್ನಿನಿಂದ ಬಂದ ಕೆಲ್ಟಿಕ್ ಭಾಷಿಕರ ಖಚಿತ ವಲಸೆಯೊಂದು ಇದೆ, ಅದರ ದಿಕ್ಕು ಮಾತ್ರ ತಿರುವುಮುರುವು. ಸ್ವೇಬಿ ಎಂಬ ಜರ್ಮಾನಿಕ್ ಜನರ ರಾಜ್ಯದ ಕಾಲದಲ್ಲಿ ಉತ್ತರ ಕರಾವಳಿಯಲ್ಲಿ ಬ್ರಿಟನ್ನರ ಧರ್ಮಪ್ರಾಂತವೊಂದಿದ್ದು, ಅದರ ಬಿಷಪ್ ಮೈಲೋಕ್ 572ರ ಎರಡನೆಯ ಬ್ರಾಗಾ ಚರ್ಚ್ ಸಭೆಗೆ ಬಂದಿದ್ದನು. ಪುರಾಣದ ಬ್ರಿಯೊಗಾನನಿಗೆ ಪ್ರತಿಮೆ ಎದ್ದಿದೆ. ಈ ಬಿಷಪ್ಪನ ಹೆಸರು ಕೇಳಿದವರು ಕಡಿಮೆ.

ಕೆಲ್ಟಿಕ್ ಅಸ್ಮಿತೆ ರಾಜಕೀಯ ಬಲ ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಗಲೀಷಿಯನ್ನರು ಕೆಲ್ಟರ ಸಂತತಿಯೆಂದು ಇತಿಹಾಸಕಾರ ಬೆರೆಯಾ ಇ ಅಗಿಯಾರ್ 1838ರಲ್ಲಿ ಆರಂಭಿಸಿದ ವಾದವನ್ನು ಮಾನುಯೆಲ್ ಮುರ್ಗಿಯಾ 1865ರಿಂದ ಪ್ರಕಟವಾದ ತನ್ನ ಗಲೀಷಿಯಾ ಚರಿತ್ರೆಯಲ್ಲಿ ವಿಸ್ತರಿಸಿದನು. ಮಧ್ಯ ಸ್ಪೇನಿನ ಕ್ಯಾಸ್ಟೀಲಿನ ಅಧೀನ ಅಂಚಿನ ಪ್ರಾಂತವೆನಿಸಿಕೊಂಡಿದ್ದ ನಾಡಿಗೆ ಸ್ವಂತ ಮೂಲವೊಂದು ಬೇಕಿತ್ತು. ಕೆಲ್ಟರು ಅದನ್ನು ಒದಗಿಸಿದರು. ಮುರ್ಗಿಯಾನ ವಾದದಲ್ಲಿ ಆ ಕಾಲದ ಜನಾಂಗಶ್ರೇಷ್ಠತೆಯ ಧಾಟಿ ಎದ್ದು ಕಾಣುತ್ತದೆ. ಅದನ್ನು ಮರೆಮಾಚಿ ಓದುವುದು ಸರಿಯಲ್ಲ. ಆತನ ಬಳಗದ ಕವಿ ಎದುವಾರ್ದೊ ಪೊಂದಾಲ್ ಬ್ರಿಯೊಗಾನನನ್ನು ಪದ್ಯಕ್ಕೆ ತಂದನು. ಪಾಸ್ಕುವಾಲ್ ವೇಯ್ಗಾ ಸ್ವರ ಸಂಯೋಜಿಸಿದ, ಇಂದು ಪ್ರಾಂತಗೀತೆಯಾಗಿರುವ ಆ ಪದ್ಯ ಮೊದಲು ಹಾಡಲ್ಪಟ್ಟದ್ದು ಗಲೀಷಿಯಾದಲ್ಲಲ್ಲ, 1907ರಲ್ಲಿ, ಗಲೀಷಿಯನ್ ವಲಸಿಗರು ನೆಲೆಸಿದ್ದ ಕ್ಯೂಬಾದ ಹವಾನಾದಲ್ಲಿ. 1920ರಲ್ಲಿ ಆರಂಭವಾದ ‘ನೋಸ್’ ಪತ್ರಿಕೆಯ ವಿಸೆಂತೆ ರಿಸ್ಕೊ ಮತ್ತು ಒತೆರೊ ಪೆದ್ರಾಯೊ ಸ್ವಾತಂತ್ರ್ಯ ಗಳಿಸುತ್ತಿದ್ದ ಐರ್ಲೆಂಡನ್ನು ಮಾದರಿಯಾಗಿ ಕಂಡರು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಲವು ಪುರಾತತ್ತ್ವಜ್ಞರು ಇದೆಲ್ಲವನ್ನೂ ರಮ್ಯ ಕಲ್ಪನೆಯೆಂದು ತಳ್ಳಿಹಾಕಿದರು. ಆ ಬೀಸಿನಲ್ಲಿ ಅಪಾನಾಳ ಕಲ್ಲಿನಂತಹ ಸಾಕ್ಷ್ಯಗಳೂ ಬದಿಗೆ ಸರಿದದ್ದು ಅತಿಯಾಯಿತು.

ಸಂಗೀತದ ಸಂಗತಿಯನ್ನು ಎಚ್ಚರದಿಂದ ಬಳಸಬೇಕು. ಗಲೀಷಿಯಾದ ‘ಗಾಯ್ತಾ’ ಎಂಬ ಚರ್ಮದ ಚೀಲದ ಊದುವಾದ್ಯವನ್ನು ಕೆಲ್ಟಿಕ್ ಗುರುತೆಂದು ತೋರಿಸುವುದುಂಟು. ಆದರೆ ಇಂತಹ ವಾದ್ಯಗಳು ಬಲ್ಗೇರಿಯಾದವರೆಗೂ ಇವೆ. ಆಧುನಿಕ ಸಂಬಂಧವಂತೂ ನಿಜವಾದದ್ದು: ಗಲೀಷಿಯಾದ ಒರ್ತಿಗೇಯ್ರಾದಲ್ಲಿ 1978ರಲ್ಲಿ ಆರಂಭವಾದ ಕೆಲ್ಟಿಕ್ ಸಂಗೀತೋತ್ಸವ ನಡೆಯುತ್ತಿದೆ, ಫ್ರಾನ್ಸಿನ ಬ್ರಿಟನಿಯ ಲೋರಿಯಾಂ ಉತ್ಸವದಲ್ಲಿ ಗಲೀಷಿಯಾ ಉಳಿದ ಕೆಲ್ಟಿಕ್ ನಾಡುಗಳ ಜೊತೆ ಪಾಲ್ಗೊಳ್ಳುತ್ತದೆ. 1961ರಲ್ಲಿ ಸ್ಥಾಪಿತವಾದ ಕೆಲ್ಟಿಕ್ ಲೀಗ್ ಎಂಬ ಸಂಘಟನೆ ಮಾತ್ರ ಭಾಷೆಯನ್ನೇ ಅಳತೆಗೋಲಾಗಿಸಿಕೊಂಡಿದೆ. ಅದು ಎಣಿಸುವ ಆರು ನಾಡುಗಳು ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಮ್ಯಾನ್ ದ್ವೀಪ ಮತ್ತು ಬ್ರಿಟನಿ.