ಕೋಳಿಗೆ ಖಾರ ಹತ್ತುವುದಿಲ್ಲ

ಮೇ ತಿಂಗಳ ಒಂದು ಬೆಳಿಗ್ಗೆ ಮಡಗಾಂವ್‌ನ ನಮ್ಮ ಪಕ್ಕದ ಮನೆ ಅಕ್ಕ ಬೇಲಿ ಹತ್ತಿರ ನಿಂತು ಕರೆದರು. ಹಾವೇರಿ ಕಡೆಯವರು, ಹಿತ್ತಿಲಲ್ಲಿ ಐದು ಕೋಳಿ ಸಾಕಿದ್ದಾರೆ. ಅದರಲ್ಲಿ ಕೆಂಪು ಕೋಳಿ ತಾನಿಟ್ಟ ಮೊಟ್ಟೆಯನ್ನು ತಾನೇ ಒಡೆದು ತಿನ್ನಲು ಶುರು ಮಾಡಿತ್ತು. ಯಾರೋ ಹೇಳಿದರು ಅಂತ ಅಕ್ಕ ಖಾಲಿ ಮೊಟ್ಟೆಗೆ ಖಾರಪುಡಿ ತುಂಬಿ ಗೂಡಿನಲ್ಲಿಟ್ಟಿದ್ದರು. "ಅದನ್ನೂ ತಿಂದ್ ಮುಗಿಸೇತಿ ನೋಡ್ರಿ" ಅಂದರು. ಕೋಳಿಯ ಕೊಕ್ಕಿನ ತುದಿಯಲ್ಲಿ ಕೆಂಪು ಪುಡಿ ಇನ್ನೂ ಅಂಟಿತ್ತು. ಅದು ಆರಾಮಾಗಿ ಮಣ್ಣು ಕೆದಕುತ್ತಿತ್ತು.

ನಮಗೆ ಮೆಣಸಿನಕಾಯಿ ಉರಿಯುವುದು ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿನಿಂದ. ಸುಡುವ ಬಿಸಿಯನ್ನು ತಿಳಿಸಲು ಇರುವ ಪ್ರೋಟೀನ್ ಅದು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅದಕ್ಕೆ ಅಂಟಿಕೊಂಡರೂ ಮಿದುಳಿಗೆ 'ಸುಡುತ್ತಿದೆ' ಎಂದೇ ಸುದ್ದಿ ಹೋಗುತ್ತದೆ. ಕೋಳಿಯಲ್ಲೂ ಈ ಪ್ರೋಟೀನ್ ಇದೆ, ಬಿಸಿ ಅದಕ್ಕೂ ತಿಳಿಯುತ್ತದೆ. ಆದರೆ ಅದರ ರಚನೆ ಸ್ವಲ್ಪ ಬೇರೆ, ಕ್ಯಾಪ್ಸೈಸಿನ್‌ಗೆ ಅದು ಮಿಸುಕುವುದಿಲ್ಲ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿ 2002ರಲ್ಲೇ ಇದನ್ನು ತೋರಿಸಿದರು. ಬಿಸಿ ಗ್ರಹಿಸುವ ಈ ಪ್ರೋಟೀನ್ ಕಂಡುಹಿಡಿದದ್ದಕ್ಕೆ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕಾಡು ಮೆಣಸಿನಕಾಯಿಯ ಹಣ್ಣನ್ನು ಹಕ್ಕಿಗಳು ಸಲೀಸಾಗಿ ತಿಂದು ಬೀಜ ಹರಡುವುದೂ ಇದರಿಂದಲೇ. ಹಾಗಾಗಿ ಖಾರಪುಡಿ ಸುಮ್ನೆ ದಂಡ.

ಗೂಡಿನಲ್ಲಿದ್ದ ಇನ್ನೊಂದು ಮೊಟ್ಟೆ ಎತ್ತಿ ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದೆ. ಸಿಪ್ಪೆ ಒಳಗೆ ಕುಸಿಯಿತು. ಗುಟ್ಟು ಇಲ್ಲೇ ಇತ್ತು. ಕೋಳಿ ಬೇಕೂಂತ ಮೊದಲ ಮೊಟ್ಟೆ ಒಡೆಯುವುದು ಕಡಿಮೆ. ಸಿಪ್ಪೆ ತೆಳುವಾಗಿ ಕಾಲಿಗೆ ಸಿಕ್ಕಿ ಒಡೆಯುತ್ತದೆ, ಅದು ರುಚಿ ನೋಡುತ್ತದೆ, ಆಮೇಲೆ ಕಲಿಯುತ್ತದೆ. ಉಳಿದವು ನೋಡಿ ಕಲಿಯುತ್ತವೆ.

ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಸಿಗಬೇಕು. ಅಕ್ಕ ಹಾಕುತ್ತಿದ್ದದ್ದು ಅನ್ನ ಮತ್ತು ಬೆಳೆಯುವ ಮರಿಗಳ ಫೀಡ್. ಆ ಫೀಡ್‌ನಲ್ಲಿ ಕ್ಯಾಲ್ಸಿಯಂ ಶೇ. 1ರಷ್ಟು, ಮೊಟ್ಟೆಯಿಡುವ ಕೋಳಿಗೆಂದೇ ಇರುವ ಲೇಯರ್ ಫೀಡ್‌ನಲ್ಲಿ ಶೇ. 3.5ರಿಂದ 4. ಅದರ ಮೇಲೆ ಬೇಸಿಗೆ. ಕೋಳಿ ಏದುಸಿರು ಬಿಟ್ಟಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಸಿಪ್ಪೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ವಾ? ಅದರ ಕಾರ್ಬೊನೇಟ್ ಭಾಗಕ್ಕೇ ಕೊರತೆ ಬೀಳುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿ, ಕೋಳಿ ನಿದ್ದೆಯಲ್ಲಿದ್ದಾಗ. ಹೊಟ್ಟೆ ಖಾಲಿಯಾದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಸಿಪ್ಪೆ ಕಟ್ಟುತ್ತದೆ. ಅದಕ್ಕೇ ಸಂಜೆ ಕಪ್ಪೆಚಿಪ್ಪು ಕೊಡಬೇಕು. ಗೋವಾದಲ್ಲಿ ತಿಸ್ರ್ಯೋ, ನಮ್ಮ ಕುಮಟಾ ಕಡೆ ಬಳಚು, ಯಾವ ಚಿಪ್ಪಾದರೂ ಆಗುತ್ತದೆ. ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಜೋಳದ ನುಚ್ಚಿನಷ್ಟು ದಪ್ಪಕ್ಕೆ ಕುಟ್ಟಿ ಬೇರೆ ಬಟ್ಟಲಲ್ಲಿಡಿ. ನುಣ್ಣಗಿನ ಪುಡಿ ಬೇಗ ಕರಗಿಹೋಗುತ್ತದೆ. ನುಚ್ಚು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ.

ಅಕ್ಕ ಫೀಡ್ ಬದಲಿಸಿದರು. ಗೂಡಿಗೆ ಗೋಣಿಪರದೆ ಕಟ್ಟಿದರು, ಕತ್ತಲಲ್ಲಿ ಕೋಳಿ ಕುಕ್ಕುವುದು ಕಡಿಮೆ. ಬೆಳಿಗ್ಗೆ ಎರಡು ಸಲ ಮೊಟ್ಟೆ ತೆಗೆದರು. ಎರಡು ವಾರದಲ್ಲಿ ಸಿಪ್ಪೆ ಗಟ್ಟಿಯಾಯಿತು. ಕೆಂಪು ಕೋಳಿಗೆ ಮಾತ್ರ ಚಟ ಹತ್ತಿಬಿಟ್ಟಿತ್ತು. ಅದಕ್ಕೆ ಇಳಿಜಾರು ಹಲಗೆಯ ಬೇರೆ ಗೂಡು ಮಾಡಿದೆವು. ಇಟ್ಟ ಮೊಟ್ಟೆ ಉರುಳಿ ಹಿಂದಿನ ಡಬ್ಬಕ್ಕೆ ಬೀಳುತ್ತದೆ, ಕೊಕ್ಕಿಗೆ ಸಿಗುವುದಿಲ್ಲ.